ಲೀಟರಿನ ಲೆಕ್ಕ

ಎತ್ತುಗಳನ್ನು ಕೊಳ್ಳುವ ರೈತನು ಅವುಗಳ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಆದರೆ ಅದೇ ರೈತನು ಕಾರಿನ ಮುಂದೆ ನಿಂತಾಗ ಕೇಳುವ ಪ್ರಶ್ನೆ ಒಂದೇ: “ಆವರೇಜ್ ಎಷ್ಟು ಕೊಡತೈತ್ರಿ?” ಒಂದು ಲೀಟರ್ ಪೆಟ್ರೋಲಿಗೆ ಗಾಡಿಯು ಎಷ್ಟು ಕಿಲೋಮೀಟರ್ ಓಡುವುದೆಂಬುದೇ ಈ ಪ್ರಶ್ನೆಯ ಅರ್ಥ. ಉತ್ತರವೂ ಒಂದೇ ಅಂಕಿಯಲ್ಲಿ ಬರಬೇಕೆಂದು ಎಲ್ಲರೂ ಬಯಸುತ್ತಾರೆ. ಆ ಒಂದು ಅಂಕಿಯನ್ನು ನಂಬಿ ಮನುಷ್ಯನು ಮನುಷ್ಯನನ್ನು ಅಳೆಯಲು ಹೊರಟರೆ ಏನಾಗುವುದೆಂಬುದನ್ನು ಬೀಳಗಿ ತಾಲ್ಲೂಕಿನ ಬಾಡಗಂಡಿಯ ಮಾಸ್ತರರೊಬ್ಬರು ತಮ್ಮ ಇಳಿವಯಸ್ಸಿನಲ್ಲಿ ಕಲಿತರು.

ಅವರು ಮೂವತ್ತು ವರ್ಷಗಳ ಕಾಲ ಗಣಿತವನ್ನು ಕಲಿಸಿ ನಿವೃತ್ತರಾದವರು. 2024ರ ಶ್ರಾವಣದಲ್ಲಿ ಅವರು ಹಳೆಯದೊಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡರು. ಮಡದಿಗೆ ಮಂಡಿನೋವು, ವಾರಕ್ಕೆ ಎರಡು ಸಲ ಬೀಳಗಿಗೆ, ತಿಂಗಳಿಗೊಮ್ಮೆ ಬಾಗಲಕೋಟೆಗೆ ಚಿಕಿತ್ಸೆಗಾಗಿ ಹೋಗಬೇಕಾಗಿತ್ತು. ಮಾಸ್ತರರಿಗೆ ಕಾರು ನಡೆಸಲು ಬಾರದು. ತಮ್ಮ ಶಿಷ್ಯನೇ ಆಗಿದ್ದ ಓಣಿಯ ಹುಡುಗನೊಬ್ಬನನ್ನು ಆ ಕೆಲಸಕ್ಕೆ ಕರೆದರು. ಜೊತೆಗೆ ಒಂದು ವಹಿಯನ್ನೂ ತೆರೆದರು. ಟ್ಯಾಂಕನ್ನು ತುಂಬಿಸಿದಾಗ ಮೀಟರಿನ ಅಂಕಿಯನ್ನು ಬರೆದುಕೊಳ್ಳುವುದು. ಮತ್ತೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೆಂದು ನೋಡಿ, ಓಡಿದ ದೂರವನ್ನು ಅದರಿಂದ ಭಾಗಿಸುವುದು. ಇದಕ್ಕಿಂತ ಸರಳವಾದ, ನಂಬಿಕೆಗೆ ಅರ್ಹವಾದ ವಿಧಾನವು ಇನ್ನೊಂದಿಲ್ಲ.

ಕಂಪನಿಯ ಕಾಗದದಲ್ಲಿ ಇದ್ದುದು 22. ವಹಿಯಲ್ಲಿ ಮೊದಲು ಬಂದುದು 18. ಕಾರ್ತಿಕ ಕಳೆಯುವ ಹೊತ್ತಿಗೆ ಅದು 14ಕ್ಕೆ ಇಳಿಯಿತು. ಭಾಗಾಕಾರವನ್ನು ಮೂರು ಸಲ ಮಾಡಿ ನೋಡಿದರೂ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಿದ್ದರೆ ತಪ್ಪು ಬೇರೆಲ್ಲೋ ಇರಬೇಕಷ್ಟೆ. ಒಂದು ಸಂಜೆ ಅವರು ಹುಡುಗನನ್ನು ನಿಲ್ಲಿಸಿ, “ತಮ್ಮಾ, ಪೆಟ್ರೋಲು ಎಲ್ಲಿ ಹೋಗಾಕತ್ತೈತಿ?” ಎಂದು ಕೇಳಿದರು. ದನಿ ಮೆಲುವಾಗಿಯೇ ಇತ್ತು. ಮಾತು ಮಾತ್ರ ಚೂಪಾಗಿತ್ತು. ಹುಡುಗನು ಕ್ಷಣಹೊತ್ತು ಸುಮ್ಮನೆ ನಿಂತನು. “ನಾ ಓಡಿಸೂದು ಗಾಡಿ ಅಷ್ಟರೀ ಮಾಸ್ತರ. ಹಾದಿ ನನ್ನ ಕೈಯಾಗಿಲ್ಲ” ಎಂದು ಹೇಳಿ, ಕೀಲಿಕೈಯನ್ನು ಕಟ್ಟೆಯ ಮೇಲೆ ಇಟ್ಟು ಹೊರಟುಹೋದನು. ಮರುದಿನ ಅವನು ಬರಲಿಲ್ಲ.

ಸಂಕ್ರಾಂತಿಗೆ ಅಳಿಯನು ಬಂದನು. ಹತ್ತು ದಿನ ಅವನೇ ಕಾರು ನಡೆಸಿದನು. ಮಾಸ್ತರರು ಪಕ್ಕದಲ್ಲಿಯೇ ಕುಳಿತಿದ್ದರು. ಟ್ಯಾಂಕು ತುಂಬಿಸಿ ಭಾಗಿಸಿದಾಗ ಬಂದ ಅಂಕಿ ಅದೇ 14! ಅಳಿಯನನ್ನು ಕಳ್ಳನೆನ್ನಲು ಬಾಯಿ ಬರಲಿಲ್ಲ. ಆಗ ಅವರಿಗೆ ಹುಡುಗನ ಕೊನೆಯ ಮಾತು ನೆನಪಾಯಿತು. ಅವರು ವಹಿಯನ್ನು ಬಿಟ್ಟು ಹಾದಿಯನ್ನು ನೋಡತೊಡಗಿದರು.

ಮೊದಲು 22 ಎಂಬ ಅಂಕಿಯ ಹುಟ್ಟನ್ನು ತಿಳಿದುಕೊಂಡರು. ಅದು ಹಾದಿಯಲ್ಲಿ ಹುಟ್ಟಿದುದಲ್ಲ. ಪುಣೆಯಲ್ಲಿರುವ ಭಾರತೀಯ ವಾಹನ ಸಂಶೋಧನಾ ಸಂಘದಂತಹ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ಸುಮಾರು 20 ನಿಮಿಷ ಓಡಿಸಿ ನೋಡುತ್ತಾರೆ. ವೇಗವು ಗಂಟೆಗೆ 90 ಕಿಲೋಮೀಟರನ್ನು ಮೀರುವುದಿಲ್ಲ, ಎ.ಸಿ.ಯನ್ನು ಹಾಕುವುದಿಲ್ಲ. ಅಲ್ಲಿ ಎದುರುಗಾಳಿಯಿಲ್ಲ, ತಗ್ಗುದಿಣ್ಣೆಗಳಿಲ್ಲ. ಹಾಗೆಂದು ಆ ಅಂಕಿಯು ಸುಳ್ಳೆಂದು ಹೇಳಲಾಗದು. ಎಲ್ಲ ಕಾರುಗಳಿಗೂ ಒಂದೇ ಅಳತೆಗೋಲನ್ನು ಹಿಡಿದು, ಒಂದನ್ನು ಇನ್ನೊಂದರೊಡನೆ ಹೋಲಿಸಲು ಮಾಡಿದ ಏರ್ಪಾಡು ಅದು. ಬಾಡಗಂಡಿಯ ಹಾದಿಗೆ ಅದು ಕೊಟ್ಟ ವಚನವಲ್ಲ.

ಇನ್ನು ಹಾದಿಯ ಕಥೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೀಳಗಿ, ಮುಧೋಳ, ಜಮಖಂಡಿಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕಾರು ಅವುಗಳ ಹಿಂದೆ ತೆವಳಬೇಕು, ನಿಲ್ಲಬೇಕು, ಮತ್ತೆ ಮುನ್ನುಗ್ಗಬೇಕು. ಪೆಟ್ರೋಲನ್ನು ಉರಿಸಿ ಗಳಿಸಿದ ವೇಗವೆಲ್ಲ ಪ್ರತಿಸಲ ಬ್ರೇಕು ಒತ್ತಿದಾಗ ಶಾಖವಾಗಿ ಹಾರಿಹೋಗುತ್ತದೆ. ನಿಂತಲ್ಲಿಯೇ ಇಂಜಿನ್ನು ಉರಿಯುತ್ತಿರುವಾಗಲಂತೂ ಲೀಟರಿಗೆ ದೊರೆಯುವುದು ಸೊನ್ನೆ ಕಿಲೋಮೀಟರ್. ಬೀಳಗಿಯ ಪ್ರಯಾಣವು ಚಿಕ್ಕದು. ತಣ್ಣಗಿದ್ದ ಇಂಜಿನ್ನು ಹದಕ್ಕೆ ಬಿಸಿಯಾಗುವಷ್ಟರಲ್ಲಿ ಊರೇ ಬಂದುಬಿಡುವುದು. ಚಳಿಗೆ ಗಾಲಿಯ ಗಾಳಿಯ ಒತ್ತಡವು ತಗ್ಗುತ್ತದೆ. ಮೆತ್ತಗಾದ ಗಾಲಿಯನ್ನು ಉರುಳಿಸಲು ಹೆಚ್ಚಿನ ಶಕ್ತಿ ಬೇಕು. ಹೆದ್ದಾರಿಯಲ್ಲಿ ರಸ್ತೆ ತೆರವಾಗಿದೆಯೆಂದು ಧಾವಿಸಿದರೂ ನಷ್ಟವೇ. ಗಾಳಿಯ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ರ ವೇಗವು 100 ಆದರೆ ಆ ತಡೆಯು ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ.

ಕಬ್ಬು ರಸ್ತೆಯ ಮೇಲೆ ಮಾತ್ರವಲ್ಲ, ಟ್ಯಾಂಕಿನ ಒಳಗೂ ಇತ್ತು! ಕಬ್ಬಿನ ರಸದಿಂದ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ತಯಾರಾಗುತ್ತದೆ. ಈಗ ಧಾನ್ಯಗಳಿಂದಲೂ ಅದನ್ನು ತಯಾರಿಸುತ್ತಾರೆ. ನಮ್ಮ ದೇಶದಲ್ಲಿ 2003ರಲ್ಲಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ 5 ಪಾಲು ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಕಾರ್ಯವು ಆರಂಭವಾಯಿತು. ಅದು 2022ರಲ್ಲಿ 10ಕ್ಕೆ, 2025ರಲ್ಲಿ 20ಕ್ಕೆ ಮುಟ್ಟಿತು. ಇದರಿಂದ ಹೊರದೇಶದ ತೈಲದ ಮೇಲಿನ ಅವಲಂಬನೆ ತಗ್ಗುತ್ತದೆ. ಕಬ್ಬು ಬೆಳೆಯುವ ರೈತನಿಗೆ ಮತ್ತೊಂದು ಆಸರೆ ದೊರೆಯುತ್ತದೆ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಭಾಗಕ್ಕೆ ಮೂರನೆಯ ಒಂದು ಪಾಲು ಕೊರತೆಯಾದರೆ ಒಟ್ಟಿನಲ್ಲಿ ಕೊರತೆಯೆಷ್ಟು? ಹದಿನೈದರಲ್ಲಿ ಒಂದು, ಎಂದರೆ ನೂರಕ್ಕೆ 6ರಿಂದ 7. ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಇಷ್ಟೇ ತಗ್ಗಬಹುದೆಂದು 2021ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯೂ ಅಂದಾಜು ಮಾಡಿತ್ತು. ಮಾಸ್ತರರ ಕಾರು ಅಂತಹುದೇ.

ಒಂದೊಂದಾಗಿ ಕಳೆಯುತ್ತ ಹೋದಂತೆ 22ಕ್ಕೂ 14ಕ್ಕೂ ನಡುವಣ ಅಂತರವು ಅರ್ಥವಾಗತೊಡಗಿತು. ಪೆಟ್ರೋಲು ಹೋದ ದಾರಿಗಳು ಹಲವಾರು; ಅವುಗಳಲ್ಲಿ ಯಾವುದೂ ಆ ಹುಡುಗನ ಮನೆಯತ್ತ ಹೋಗಿರಲಿಲ್ಲ.

ಆ ಸಂಜೆ ಮಾಸ್ತರರು ಹುಡುಗನ ಮನೆಗೆ ನಡೆದುಕೊಂಡೇ ಹೋದರು. ತಮ್ಮ ಶಿಷ್ಯನೆದುರು ತಪ್ಪೊಪ್ಪಿಕೊಳ್ಳುವುದು ಮೂವತ್ತು ವರ್ಷ ಪಾಠ ಹೇಳಿದವರಿಗೆ ಸುಲಭದ ಮಾತಲ್ಲ. “ತಮ್ಮಾ, ನಂದು ತಪ್ಪಾತು. ಭಾಗಾಕಾರ ಸರಿ ಮಾಡಿದೆ, ಕಾರಣ ಹುಡುಕಲಿಲ್ಲ” ಎಂದರು. ಹುಡುಗನ ಕಣ್ಣು ತೇವವಾಯಿತು. ಅವನು ಅದನ್ನು ತೋರಗೊಡದೆ, “ಬಿಡ್ರಿ ಮಾಸ್ತರ, ಮೊದಲ ಗಾಲಿಗೆ ಗಾಳಿ ಹಾಕಿಸೂಣ ನಡೀರಿ” ಎಂದು ಚಪ್ಪಲಿ ಮೆಟ್ಟಿದನು.

ಹಂಗಾಮು ಮುಗಿದು ಹಾದಿಯು ತೆರವಾದ ಮೇಲೆ ವಹಿಯಲ್ಲಿ ಮತ್ತೆ 17 ಕಾಣಿಸಿಕೊಂಡಿತು. ಆದರೆ ಆಗ ವಹಿಯು ಹಿಂದಿನಂತಿರಲಿಲ್ಲ. ಲೀಟರು, ಕಿಲೋಮೀಟರುಗಳ ಪಕ್ಕದಲ್ಲಿ ಮಾಸ್ತರರು ಇನ್ನೊಂದು ಗೆರೆಯನ್ನು ಎಳೆದು, ಅದರ ತಲೆಯ ಮೇಲೆ ‘ಹಾದಿ’ ಎಂದು ಬರೆದಿದ್ದರು. ಯಾರ ದುಡಿಮೆಯನ್ನೇ ಆಗಲಿ ಅಂಕಿಯಿಂದ ಅಳೆಯುವ ಮುನ್ನ ಆ ಕಾಲಮನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.