ಕೈ ಹಿಡಿಯುವವರನ್ನು ಹುಡುಕಿದ ಮಂತ್ರವಾದಿ (ಓದ್ತಾ ಓದ್ತಾ, ಭಾಗ 7)

ಮೇಲಿರೋ ಚಿತ್ರ ರಾಫೆಲ್ ಬಿಡಿಸಿದ್ದು. 1515-16ರ ಕೆಲಸ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಡುವೆ ಸಿಂಹಾಸನದಲ್ಲಿ ಕೂತವನು ರೋಮಿನ ಅಧಿಪತಿ. ಒಂದು ಕಡೆ ಕೈ ಚಾಚಿ ನಿಂತವನು ಪೌಲ. ಎದುರಿಗೆ ಎರಡೂ ಕೈ ಮುಂದೆ ಮಾಡಿ ಗಾಳಿಯಲ್ಲಿ ತಡಕಾಡ್ತಾ ಇರೋನು ಎಲುಮ. ಆ ಕೈಗಳನ್ನ ಝೂಮ್ ಮಾಡಿ ನೋಡಿ. ಇವತ್ತಿನ ಮಾತೆಲ್ಲಾ ಆ ಕೈಗಳ ಬಗ್ಗೆನೇ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಬೈಬಲಿನ ಅಪೊಸ್ತಲರ ಕೃತ್ಯಗಳು, 13ನೇ ಅಧ್ಯಾಯ. ಸಿರಿಯಾದ ಅಂತಿಯೋಕ್ಯದ ಸಭೆ ಬಾರ್ನಬ ಮತ್ತು ಸೌಲ ಇಬ್ಬರನ್ನ ಕಳಿಸುತ್ತೆ. ಮೊದಲ ನಿಲ್ದಾಣ ಸೈಪ್ರಸ್ ದ್ವೀಪ, ಬಾರ್ನಬನ ಹುಟ್ಟೂರಿನ ಕಡೆ. ಪೂರ್ವದ ಸಲಮೀಸಿನಿಂದ ಪಶ್ಚಿಮದ ಪಾಫೋಸ್‌ವರೆಗೂ ಅವರು ದ್ವೀಪ ಪೂರ್ತಿ ದಾಟ್ತಾರೆ. ಪಾಫೋಸ್ ಅಂದ್ರೆ ರೋಮನ್ ಆಡಳಿತದ ಕೇಂದ್ರ. ಅಲ್ಲಿನ ಅಧಿಪತಿ ಸೆರ್ಗ್ಯಪೌಲ ಇವರ ಮಾತು ಕೇಳೋಕೆ ಕರೆಸ್ತಾನೆ. ಅವನ ಹತ್ತಿರ ಮೊದಲೇ ಒಬ್ಬ ಮಂತ್ರವಾದಿ ಇದ್ದ. ಹೆಸರು ಬಾರ್ಯೇಸು, ಇನ್ನೊಂದು ಹೆಸರು ಎಲುಮ. ಅಧಿಪತಿ ನಂಬಬಾರದು ಅಂತ ಅವನು ಅಡ್ಡ ನಿಲ್ತಾನೆ. ಪೌಲ ಅವನನ್ನೇ ದಿಟ್ಟಿಸಿ ನೋಡಿ ಖಂಡಿಸ್ತಾನೆ, ಸ್ವಲ್ಪ ಕಾಲ ನಿನಗೆ ಸೂರ್ಯ ಕಾಣಲ್ಲ ಅಂತಾನೆ. ತಕ್ಷಣ ಮಬ್ಬು, ಆಮೇಲೆ ಕತ್ತಲೆ.

ಎಲುಮ ಯಾಕೆ ಅಡ್ಡ ಬಂದ? ಬಿಕಾಂ ಓದೋಳು ನಾನು, ನನಗೆ ಮೊದಲು ಹೊಳೆದಿದ್ದು ಇದೇ: ಅವನ ಸ್ಥಾನ ಹೋಗ್ತಿತ್ತು. ದೊಡ್ಡ ಅಧಿಕಾರಿಯ ಪಕ್ಕದಲ್ಲಿ ಕೂತು ಸಲಹೆ ಕೊಡೋನಿಗೆ ಎದುರಿನವರ ಮಾತು ನಿಜಾನಾ ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ, ನನ್ನ ಕುರ್ಚಿ ಉಳಿಯುತ್ತಾ? ಆಡಿಟಿಂಗ್ ಪಾಠದಲ್ಲಿ ಸ್ವತಂತ್ರ ಆಡಿಟರ್ ಯಾಕೆ ಬೇಕು ಅಂತ ಕಲಿತೀವಲ್ಲ, ಅದೇ ಕಾರಣ. ಕನ್ನಡದಲ್ಲಿ ಇದಕ್ಕೆ ಎಷ್ಟು ಚಂದದ ಪದ ಇದೆ ನೋಡಿ: ಜಾಣಕುರುಡು. ಕಾಣದೇ ಇರೋದಲ್ಲ, ಕಂಡರೆ ನಷ್ಟ ಅಂತ ನೋಡದೇ ಇರೋದು.

ಹಾಗಾದ್ರೆ ಕಥೆ ಸುಲಭ: ಒಳಗೆ ಕುರುಡಾಗಿದ್ದವನು ಹೊರಗೂ ಕುರುಡಾದ, ದೇವರ ತೀರ್ಪು, ಮುಗೀತು. ಸಂಡೇ ಸ್ಕೂಲಿನಲ್ಲಿ ನಮಗೆ ಹೇಳಿಕೊಟ್ಟಿದ್ದೂ ಅಷ್ಟೇ.

ಆದರೆ ನನ್ನ ಕ್ಲಾಸಿನಲ್ಲಿ ಒಬ್ಬ ಗೆಳತಿ ಇದ್ದಾಳೆ. ಹುಟ್ಟಿನಿಂದ ಕಣ್ಣು ಕಾಣಲ್ಲ. ಸ್ಕ್ರೀನ್ ರೀಡರ್ ಕಿವಿಗೆ ಹಾಕ್ಕೊಂಡು ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡ್ತಾಳೆ, ನಮಗಿಂತ ಬೇಗ. ಒಂದ್ಸಲ ಬಸ್ಸಿನಲ್ಲಿ ಯಾರೋ ಅಪರಿಚಿತರು ಅವಳಿಗೆ, ‘ಯಾರ ಪಾಪವೋ ಏನೋ, ಪ್ರಾರ್ಥನೆ ಮಾಡಮ್ಮಾ’ ಅಂದ್ರಂತೆ. ಈ ಅಧ್ಯಾಯ ನಾನು ಅವಳಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಶಿಕ್ಷೆ ಅಂತ ತೋರಿಸೋಕೆ ನಿಮ್ಮ ದೇವರಿಗೆ ನನ್ನ ದಿನನಿತ್ಯದ ಬದುಕೇ ಬೇಕಿತ್ತಾ?’

ನನ್ನ ಹತ್ರ ಥಟ್ ಅಂತ ಉತ್ತರ ಇರಲಿಲ್ಲ. ಹಾಗಾಗಿ ಮತ್ತೆ ಓದಿದೆ, ಈ ಸಲ 9ನೇ ಅಧ್ಯಾಯದಿಂದ.

ಅಲ್ಲಿ ಕುರುಡಾಗೋದು ಯಾರು ಗೊತ್ತಾ? ಇದೇ ಪೌಲ. ಆಗ ಅವನು ಸೌಲ, ಯೇಸುವಿನ ಶಿಷ್ಯರನ್ನ ಹಿಡಿದು ತರೋಕೆ ದಮಸ್ಕಕ್ಕೆ ಹೊರಟಿದ್ದ. ದಾರಿಯಲ್ಲಿ ಬೆಳಕು ಹೊಡೆಯುತ್ತೆ. 3 ದಿನ ಏನೂ ಕಾಣಲ್ಲ, ಊಟ ಇಲ್ಲ, ನೀರಿಲ್ಲ. ಜೊತೆಗಿದ್ದವರು ಕೈ ಹಿಡಿದು ಊರೊಳಗೆ ಕರ್ಕೊಂಡು ಹೋಗ್ತಾರೆ. ಇಲ್ಲೇ ವಿಷಯ ಇರೋದು. ಮೂಲ ಗ್ರೀಕಿನಲ್ಲಿ ಸೌಲನನ್ನ ಕೈ ಹಿಡಿದು ನಡೆಸಿದರು ಅನ್ನೋದಕ್ಕೂ, ಎಲುಮ ಕೈ ಹಿಡಿದು ನಡೆಸುವವರನ್ನು ಹುಡುಕಿದ ಅನ್ನೋದಕ್ಕೂ ಒಂದೇ ಮೂಲದ ಪದ. ಇನ್ನೊಂದು ಇದೆ. ಎಲುಮನಿಗೆ ಪೌಲ, ನೀನು ದೇವರ ನೇರ ದಾರಿಗಳನ್ನ ಡೊಂಕು ಮಾಡ್ತೀಯಾ ಅಂತಾನೆ. ದಮಸ್ಕದಲ್ಲಿ ಕುರುಡ ಸೌಲ ಉಳಿದುಕೊಂಡಿದ್ದ ಬೀದಿಯ ಹೆಸರೂ ‘ನೇರ’. ಗ್ರೀಕಿನಲ್ಲಿ ಅಲ್ಲೂ ಅದೇ ಪದ.

ಅಂದ್ರೆ ಲೂಕ ಬೇಕಂತಲೇ ಎರಡು ಕಥೆಗಳನ್ನ ಎದುರುಬದುರು ಇಟ್ಟಿದ್ದಾನೆ ಅನ್ಸುತ್ತೆ. ಪೌಲ ಎಲುಮನಲ್ಲಿ ನೋಡಿದ್ದು ತನ್ನದೇ ಹಳೇ ಮುಖ. ಅವನೂ ಅಡ್ಡ ನಿಂತಿದ್ದ, ಇವನಿಗಿಂತ ಜಾಸ್ತಿನೇ.

ಇನ್ನೂ ಒಂದು ವಿಚಿತ್ರ ಇದೆ. 26ನೇ ಅಧ್ಯಾಯದಲ್ಲಿ ಪೌಲ ಅಗ್ರಿಪ್ಪ ರಾಜನ ಮುಂದೆ ತನಗೆ ಸಿಕ್ಕ ಕೆಲಸ ಏನು ಅಂತ ಹೇಳ್ತಾನೆ: ಜನರ ಕಣ್ಣು ತೆರೆಸೋದು, ಕತ್ತಲೆಯಿಂದ ಬೆಳಕಿಗೆ ತರೋದು. ಅಂಥವನ ಬಗ್ಗೆ ಲೂಕ ದಾಖಲಿಸೋ ಮೊದಲ ಅದ್ಭುತ ಒಬ್ಬನ ಕಣ್ಣು ಮುಚ್ಚಿಸಿದ್ದು! ಇದನ್ನ ಬರೀ ಗೆಲುವು ಅಂತ ಓದೋಕೆ ನನ್ನಿಂದ ಆಗ್ತಿಲ್ಲ.

ಹಾಗೆ ಗೆಲುವು ಅಂತ ಓದಿದವರು ಏನು ಮಾಡಿದ್ರು ನೋಡಿ. ಎಲುಮ ಯೆಹೂದ್ಯ. ಪೌಲನೂ ಬಾರ್ನಬನೂ ಯೆಹೂದ್ಯರೇ. ಆದರೆ ಮುಂದೆ ಯುರೋಪಿನ ಕ್ರೈಸ್ತರು ‘ಆತ್ಮಿಕ ಕುರುಡುತನ’ ಅನ್ನೋ ಮಾತನ್ನ ಇಡೀ ಯೆಹೂದ್ಯ ಜನಾಂಗಕ್ಕೇ ಅಂಟಿಸಿಬಿಟ್ರು. ಸ್ಟ್ರಾಸ್‌ಬರ್ಗ್ ಕೆಥೆಡ್ರಲ್‌ಗೆ 13ನೇ ಶತಮಾನದಲ್ಲಿ ಕೆತ್ತಿದ ಎರಡು ಹೆಣ್ಣಿನ ಶಿಲ್ಪಗಳಿವೆ. ಒಬ್ಬಳು ಕಿರೀಟ ತೊಟ್ಟ ಸಭೆ. ಇನ್ನೊಬ್ಬಳು ಯೆಹೂದ್ಯರ ಸಿನಗಾಗ್, ಕಣ್ಣಿಗೆ ಬಟ್ಟೆ, ಕೈಯಲ್ಲಿ ಮುರಿದ ಈಟಿ. ತುಂಬಾ ಸುಂದರವಾದ ಶಿಲ್ಪ, ತುಂಬಾ ಅಪಾಯದ ಮಾತು. ಇನ್ನೊಬ್ಬರನ್ನ ಕುರುಡರು ಅಂತ ಕರೆದು ಕರೆದು, ಅವರಿಗೆ ಆಗ್ತಿರೋ ನೋವಿಗೆ ತಾವೇ ಜಾಣಕುರುಡರಾದರು.

ಗೆಳತಿಗೆ ಕೊನೆಗೆ ನಾನು ಹೇಳಿದ್ದು ಎರಡು ಮಾತು.

ಒಂದು, ಯೋಹಾನನ ಸುವಾರ್ತೆ 9ನೇ ಅಧ್ಯಾಯ. ಹುಟ್ಟುಕುರುಡನನ್ನ ನೋಡಿ ಶಿಷ್ಯರು, ಇದು ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಅಂತ ಕೇಳ್ತಾರೆ. ಯೇಸು ಎರಡೂ ಅಲ್ಲ ಅಂತಾನೆ. ಬಸ್ಸಿನಲ್ಲಿ ಅವಳಿಗೆ ಸಿಕ್ಕ ಮಾತಿಗೆ ಉತ್ತರ 2000 ವರ್ಷದ ಹಿಂದೆನೇ ಸಿಕ್ಕಿದೆ.

ಎರಡು, ‘ಸ್ವಲ್ಪ ಕಾಲ’ ಅನ್ನೋ ಪದ. ಇದೇ ಪುಸ್ತಕದ 5ನೇ ಅಧ್ಯಾಯದಲ್ಲಿ ಸುಳ್ಳು ಹೇಳಿದ ಗಂಡ ಹೆಂಡತಿ ಬಿದ್ದು ಸಾಯ್ತಾರೆ. 12ರಲ್ಲಿ ಹೆರೋದ ರಾಜ ಹುಳ ಬಿದ್ದು ಸಾಯ್ತಾನೆ. ಎಲುಮನ ತೀರ್ಪಿಗೆ ಮಾತ್ರ ಅವಧಿ ಇದೆ. ಪೌಲನಿಗಿದ್ದ ಹಾಗೆ.

ಅವಳು ಪೂರ್ತಿ ಒಪ್ಪಲಿಲ್ಲ. ‘ಆದ್ರೂ ಬೇರೆ ಶಿಕ್ಷೆ ಕೊಡಬಹುದಿತ್ತು’ ಅಂದ್ಲು. ಅವಳ ಮಾತು ಸರಿ ಅಂತಾನೇ ನನಗನ್ಸುತ್ತೆ, ಅದನ್ನ ನಾನು ತಿದ್ದೋಕೆ ಹೋಗಲ್ಲ.

ಎಲುಮ ಆಮೇಲೆ ಏನಾದ? ಲೂಕ ಹೇಳಲ್ಲ. ಅಧಿಪತಿ ನಂಬಿದ, ಪೌಲ ಹಡಗು ಹತ್ತಿದ, ಕಥೆ ಮುಂದೆ ಹೋಯ್ತು. ದಮಸ್ಕದಲ್ಲಿ ಸೌಲನಿಗೆ ಒಬ್ಬ ಅನನೀಯ ಸಿಕ್ಕಿದ್ದ. ಹೆದರಿಕೊಂಡೇ ಆ ನೇರ ಬೀದಿಗೆ ಹೋಗಿ, ತನ್ನವರನ್ನ ಹಿಡಿಯೋಕೆ ಬಂದವನ ಮೇಲೆ ಕೈಯಿಟ್ಟು ಸಹೋದರ ಅಂತ ಕರೆದಿದ್ದ. ಪಾಫೋಸಿನಲ್ಲಿ ಎಲುಮನ ಹತ್ತಿರ ಯಾರಾದ್ರೂ ಹೋದ್ರಾ? ಆ ಚಾಚಿದ ಕೈಗಳನ್ನ ಯಾರಾದ್ರೂ ಹಿಡಿದ್ರಾ?

ತೀರ್ಪು ಕೊಡೋದು ದೇವರ ಕೆಲಸ ಅಂತ ನಾವು ಸುಲಭವಾಗಿ ಹೇಳ್ತೀವಿ. ಸರಿ. ಕೈ ಹಿಡಿಯೋದು ಯಾರ ಕೆಲಸ?

ಭಾಗ 8ರಲ್ಲಿ ಮಾರ್ಕನೆಂಬ ಯೋಹಾನ. ಇಷ್ಟೆಲ್ಲಾ ಕಣ್ಣಾರೆ ನೋಡಿದವನು ಪೆರ್ಗೆಯಿಂದ ಮನೆಗೆ ವಾಪಸ್ ಯಾಕೆ ಹೋದ? ನಿಮಗೇನನ್ಸುತ್ತೆ, ಕೆಳಗೆ ಬರೀರಿ. ಎಲ್ಲಾ ಓದ್ತೀನಿ 🌿

#ಓದ್ತಾಓದ್ತಾ #ಅಪೊಸ್ತಲರಕೃತ್ಯಗಳು #ಕನ್ನಡಬರಹ