ಬಾಣಂತಿ ತಲೆನೋವು, ಭಾಗ 3: ಸ್ಕ್ಯಾನಲ್ಲಿ ಕಂಡಿದ್ದು

ಸ್ಟ್ರೋಕ್ ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರೋದು ಬಿಪಿ, ಶುಗರ್ ಇರೋ ತಾತ ಅಲ್ವಾ? ವಯಸ್ಸಾದೋರಿಗಿಂತ ನಮ್ಮಂಥ ಚಿಕ್ಕ ವಯಸ್ಸಿನೋರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣೋ ಸ್ಟ್ರೋಕ್ ಒಂದಿದೆ. ಹೆಸರು ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್. ಡಾಕ್ಟರ್‌ಗಳು ಸಿವಿಟಿ ಅಂತಾರೆ.

ನಾನು ಬಿಕಾಂ, ಸೋ ನಮ್ಮ ಭಾಷೇಲೇ ಹೇಳ್ತೀನಿ. ಮೆದುಳಿಗೆ ರಕ್ತ ತರೋ ನಾಳ ಬೇರೆ, ಅಲ್ಲಿಂದ ವಾಪಸ್ ಒಯ್ಯೋ ನಾಳ ಬೇರೆ. ಮಾಮೂಲಿ ಸ್ಟ್ರೋಕಲ್ಲಿ ನಲ್ಲಿ ಬಂದ್ ಆಗುತ್ತೆ. ಇದರಲ್ಲಿ ಮೋರಿ ಕಟ್ಕೊಳ್ಳುತ್ತೆ. ಬರೋದು ಬರ್ತಾನೇ ಇರುತ್ತೆ, ಹೋಗೋಕೆ ದಾರಿ ಇಲ್ಲ. ಒಳಗೆ ಒತ್ತಡ ಏರಿ ಮೆದುಳು ಊದಿಕೊಳ್ಳುತ್ತೆ, ಕೆಲವರಿಗೆ ರಕ್ತಸ್ರಾವವೂ ಆಗುತ್ತೆ.

ನಮ್ಮ ದೊಡ್ಡಮ್ಮನ ಮಗಳಿಗೆ ಹೆರಿಗೆ ಆಗಿ ಹನ್ನೆರಡನೇ ದಿನ ತಲೆನೋವು ಶುರುವಾಯ್ತು. ಥಂಡಿ ಅಂದ್ರು, ನಿದ್ದೆ ಇಲ್ಲ ಅಂದ್ರು, ದೃಷ್ಟಿನೂ ತೆಗೆದ್ರು. ಮಲಗಿದ್ರೆ ನೋವು ಜಾಸ್ತಿ ಅಂತ ಅಕ್ಕ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರ್ತಿದ್ಲು. ಮೂರನೇ ದಿನ ವಾಂತಿ, ಕಣ್ಣು ಮಂಜು. ಹತ್ತಿರದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿ, ನಾರ್ಮಲ್ ಅಂತ ಮಾತ್ರೆ ಕೊಟ್ಟು ಕಳಿಸಿದ್ರು. ಮಾರನೇ ಬೆಳಗ್ಗೆ ಬಲಗೈಯಿಂದ ಫಿಟ್ಸ್ ಶುರುವಾಯ್ತು.

ನಾನು ಈ ಭಾಗ ಬರೀತಿರೋದೇ ಆ 'ನಾರ್ಮಲ್' ಅನ್ನೋ ಪದಕ್ಕೋಸ್ಕರ. ಸಾದಾ ಸಿಟಿ ಸಿವಿಟಿ ಇರೋ ಎಷ್ಟೋ ಜನರಲ್ಲಿ ನಾರ್ಮಲ್ಲಾಗೇ ಕಾಣುತ್ತೆ. ಹೆಪ್ಪು ಹೊಸದಿದ್ರೆ ಕೆಲವೊಮ್ಮೆ ಹಗ್ಗದ ಥರ ಬೆಳ್ಳಗೆ ಕಾಣಬಹುದು, ಅಷ್ಟೇ. ಅನುಮಾನ ಇದ್ರೆ ಅಭಿಧಮನಿಗಳನ್ನೇ ತೋರಿಸೋ ಸ್ಕ್ಯಾನ್ ಬೇಕು: ಬಣ್ಣದ ಔಷಧಿ ಚುಚ್ಚಿ ಮಾಡೋ ಸಿಟಿ ವೀನೋಗ್ರಾಮ್, ಇಲ್ಲಾ ಎಂಆರ್‌ಐ ಜೊತೆ ಎಂಆರ್ ವೀನೋಗ್ರಾಮ್. ಔಷಧಿ ಕೊಟ್ಟ ಸಿಟಿಯಲ್ಲಿ ತಲೆ ಹಿಂಭಾಗದ ದೊಡ್ಡ ನಾಳ ಪೂರ್ತಿ ಬೆಳ್ಳಗಿನ ತ್ರಿಕೋನ ಆಗ್ಬೇಕು. ಅಂಚು ಮಾತ್ರ ಬೆಳ್ಳಗೆ, ನಡುವೆ ಕಪ್ಪು ಇದ್ರೆ ಅಲ್ಲಿ ಹೆಪ್ಪು ಕೂತಿದೆ ಅಂತ. ಇದಕ್ಕೆ 'ಎಂಪ್ಟಿ ಡೆಲ್ಟಾ' ಅಂತಾರೆ. ಆದ್ರೆ ಹುಟ್ಟಿನಿಂದಲೇ ಒಂದು ಕಡೆ ನಾಳ ಸಣ್ಣಗಿರೋರು ತುಂಬಾ ಜನ ಇದ್ದಾರೆ. ಅದೂ ಬ್ಲಾಕ್ ಥರಾನೇ ಕಾಣುತ್ತೆ. ಹಾಗಾಗಿ ಫಿಲ್ಮನ್ನ ಟ್ಯೂಬ್‌ಲೈಟಿಗೆ ಹಿಡಿದು ನಾವೇ ಡಾಕ್ಟರ್ ಆಗೋದು ಬೇಡ.

ದೊಡ್ಡ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹೆರಿಗೆ ಆಗಿ ಎಷ್ಟು ದಿನ ಆಯ್ತಮ್ಮ?" ಅದೇ ಪ್ರಶ್ನೆ ಅಕ್ಕನ್ನ ಉಳಿಸ್ತು ಅಂತ ನನ್ನ ಲೆಕ್ಕ. ವೀನೋಗ್ರಾಮಲ್ಲಿ ನೆತ್ತಿಯ ಉದ್ದಕ್ಕೂ ಬಿಳಿ ಹೊಳೆ ಹರಿಯೋ ಜಾಗದಲ್ಲಿ ಅರ್ಧ ದಾರಿ ಖಾಲಿ ಇತ್ತು.

ಹೆಪಾರಿನ್ ಶುರು ಮಾಡಿದ್ರು. ತಲೆಯೊಳಗೆ ಸ್ವಲ್ಪ ರಕ್ತ ಒಸರಿದ್ರೂ ರಕ್ತ ತೆಳು ಮಾಡೋ ಔಷಧಿನೇ ಕೊಡ್ತಾರೆ ಅಂದಾಗ ದೊಡ್ಡಪ್ಪ ಸಹಿ ಹಾಕೋಕೆ ಹೆದರಿದ್ರು. ಹೆದರೋದು ಸಹಜ. ಹಿಂದೆ ಡಾಕ್ಟರ್‌ಗಳಿಗೇ ಆ ಭಯ ಇತ್ತು. 1991ರಲ್ಲಿ ಜರ್ಮನಿಯಲ್ಲಿ ಬರೀ 20 ರೋಗಿಗಳ ಮೇಲೆ ನಡೆದ ಪ್ರಯೋಗ ಅದನ್ನ ಕಡಿಮೆ ಮಾಡ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 1995ರಲ್ಲೇ ಬಾಣಂತಿಯರ ಸಿವಿಟಿಗೆ ಹೆಪಾರಿನ್ ಕೊಟ್ಟು ಮಾಡಿದ ಅಧ್ಯಯನ ಪ್ರಕಟಿಸಿದ್ದಾರೆ.

ಹೆರಿಗೆ ನಂತರ ಸುಮಾರು ಆರು ವಾರ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಜಾಸ್ತಿ ಇರುತ್ತೆ. ಅದರ ಮೇಲೆ "ನೀರು ಕುಡಿದ್ರೆ ಹೊಟ್ಟೆ ಬರುತ್ತೆ" ಅಂತ ಲೋಟ ಕಿತ್ಕೊಂಡ್ರೆ? ಬಾಣಂತನದ ಬಿಸಿನೀರು, ಮೆಣಸಿನ ಸಾರು ಎಲ್ಲಾ ಇರ್ಲಿ, ನಂಗೇನೂ ಜಗಳ ಇಲ್ಲ. ನೀರು ಮಾತ್ರ ಕೊಡಿ.

ಗರ್ಲ್ಸ್, ಇನ್ನೊಂದು. ಹಾರ್ಮೋನ್ ಮಾತ್ರೆಗಳೂ ಈ ಅಪಾಯ ಹೆಚ್ಚಿಸಬಹುದು. ಹಬ್ಬಕ್ಕೆ, ಟ್ರಿಪ್ಪಿಗೆ ಪೀರಿಯಡ್ಸ್ ಮುಂದೂಡೋಕೆ ಮೆಡಿಕಲ್ ಶಾಪಲ್ಲಿ ಸುಮ್ನೆ ಕೇಳಿ ನುಂಗಬೇಡಿ, ಡಾಕ್ಟರ್‌ನ ಕೇಳಿ. ತಗೊಳ್ತಾ ಇರುವಾಗ ಹಿಂದೆಂದೂ ಬರದಂಥ ತಲೆನೋವು ಬಂದು ಬಿಡದೇ ಇದ್ರೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ಅಂತ ಸ್ಟ್ರಿಪ್ ಸಮೇತ ತೋರಿಸಿ.

ಅಕ್ಕ ಈಗ ಮಗೂನ ಎತ್ಕೊಳ್ತಾಳೆ, ಬಲಗೈ ಇನ್ನೂ ಸ್ವಲ್ಪ ಬೇಗ ಸೋಲುತ್ತೆ. ಮಾತ್ರೆ ಎಷ್ಟು ತಿಂಗಳು, ರಕ್ತಪರೀಕ್ಷೆ ಯಾಕೆ ಪದೇ ಪದೇ, ಎಲ್ಲಾ ಭಾಗ 4ರಲ್ಲಿ.