ಹೊತ್ತಿಗೊಂದು ರುಚಿ

"ಇಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ?" ಎಂದು ಕೇಳುವವರು ನಮ್ಮ ಅಂಬಲಪಾಡಿಯಲ್ಲಿ ಆಗಾಗ ಸಿಗುತ್ತಾರೆ. ನಮ್ಮೂರು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಉಂಟು. ಮಂಗಳೂರು ಕಡೆಯಿಂದ ಬಂದವರು ಉಡುಪಿ ಪೇಟೆಗೆ ತಿರುಗುವ ಜಾಗಗಳಲ್ಲಿ ಇದೂ ಒಂದು. ಜನಾರ್ದನ ಮತ್ತು ಮಹಾಕಾಳಿ ದೇವರಿಗೆ ಕೈಮುಗಿದು ಹೊರಬಂದವರಿಗೂ ಹಸಿವೆ ಆಗಿರುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೌಂಟರಿನ ಹಿಂದೆ ಕುಳಿತು ಪ್ರಶ್ನೆಗೆ ಮರುಪ್ರಶ್ನೆ ಹಾಕುವ ಅಭ್ಯಾಸ ನಿವೃತ್ತಿಯಾದರೂ ಹೋಗಿಲ್ಲ. "ಈಗ ಗಂಟೆ ಎಷ್ಟು? ಇದು ಯಾವ ತಿಂಗಳು?" ಎಂದು ಕೇಳುತ್ತೇನೆ. ಕೇಳಿದವರು ಈ ಅಜ್ಜನಿಗೆ ಅರಳುಮರಳು ಎಂದುಕೊಂಡರೂ ಚಿಂತೆಯಿಲ್ಲ. ನಮ್ಮ ಊರಿನ ತಿಂಡಿಯ ವಿಳಾಸದಲ್ಲಿ ಬೀದಿಯ ಹೆಸರಿಗಿಂತ ಮೊದಲು ಬರೆಯಬೇಕಾದದ್ದು ಹೊತ್ತು.

ಬೆಳಗ್ಗಿನಿಂದಲೇ ಲೆಕ್ಕ ಹಿಡಿಯೋಣ. ಏಳು ಗಂಟೆಗೆ ಸಿಗಬೇಕಾದದ್ದು ಸಜ್ಜಿಗೆ-ಬಜಿಲ್. ಸಜ್ಜಿಗೆ ಎಂದರೆ ಉಪ್ಪಿಟ್ಟು. ಬಜಿಲ್ ಎಂದರೆ ತುಳುವಿನಲ್ಲಿ ಅವಲಕ್ಕಿ. ತೆಂಗಿನಕಾಯಿ ತುರಿ, ಮೆಣಸು, ಕೊತ್ತಂಬರಿ, ಬೆಲ್ಲ ಹಾಕಿ ಕೈಯಲ್ಲೇ ಕಲಸಿದ ತೆಳು ಅವಲಕ್ಕಿಯನ್ನು ಬಿಸಿ ಸಜ್ಜಿಗೆಯ ಪಕ್ಕದಲ್ಲಿ ಹಾಕುತ್ತಾರೆ. ಎರಡನ್ನೂ ಸೇರಿಸಿ ಒಂದು ತುತ್ತು ಮಾಡಿದರೆ ಒಂದು ಮೆತ್ತಗೆ, ಇನ್ನೊಂದು ಗರಿಗರಿ. ಒಂಬತ್ತು ಗಂಟೆಗೆ ಹೋಗಿ ಕೇಳಿದರೆ ಆ ಗರಿ ಇರುವುದಿಲ್ಲ. ಅವಲಕ್ಕಿ ಕಾಯಿಯ ಪಸೆ ಕುಡಿದು ಮೆತ್ತಗಾಗಿರುತ್ತದೆ.

ಬನ್ಸ್ ಕೂಡ ಬೆಳಗ್ಗಿನ ಬಳಗಕ್ಕೇ ಸೇರಿದ್ದು. ಬೇಕರಿಯ ಬನ್ನಿಗೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳೇ. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣನ್ನು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡ ಮತ್ತು ಮೈದಾ ಹಾಕಿ ನಾದಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಗ್ಗೆ ದಪ್ಪಕ್ಕೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಬಲೂನಿನ ಹಾಗೆ ಉಬ್ಬುತ್ತದೆ. ಯಾರೂ ಮುಟ್ಟದೆ ಉಳಿದ ಬಾಳೆಹಣ್ಣಿಗೆ ಸಿಕ್ಕಿದ ಎರಡನೇ ಜನ್ಮ ಇದು. ಒಂದೂ ಹಣ್ಣು ಹಾಳಾಗಬಾರದು ಎಂದು ಲೆಕ್ಕ ಹಾಕಿದ ಯಾವ ಅಜ್ಜಿಯ ತಲೆಗೆ ಇದು ಹೊಳೆಯಿತೋ, ಅವರು ಬ್ಯಾಂಕಿನಲ್ಲಿದ್ದಿದ್ದರೆ ಮ್ಯಾನೇಜರೇ ಆಗುತ್ತಿದ್ದರು.

ಸಂಜೆಯ ಒಡೆಯ ಗೋಳಿಬಜೆ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟಿಗೆ ಹಸಿಮೆಣಸು, ಶುಂಠಿ, ಕರಿಬೇವು, ತೆಂಗಿನಕಾಯಿ ಚೂರು ಹಾಕಿ ಎಣ್ಣೆಗೆ ಬಿಡುವುದು. ಬಿಡುವ ಕೈಗೆ ಅಭ್ಯಾಸ ಬೇಕು. ಬೆರಳುಗಳ ನಡುವಿನಿಂದ ಹಿಟ್ಟು ಜಾರುವಾಗಲೇ ಅದು ಗೋಲಿಯಾಗಬೇಕು. ಮೊಸರಿನ ಹುಳಿಗೆ ಸೋಡ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ ಎಂದು ನಿಮ್ಮ ವಿಜ್ಞಾನದ ಪಾಠದಲ್ಲಿ ಬಂದೀತು. ಆ ಗಾಳಿಯೇ ಬಜೆಯೊಳಗೆ ಜೇನುಗೂಡಿನಂಥ ತೂತುಗಳನ್ನು ಮಾಡುವುದು. ಹೊರಗಿನ ಗರಿ ಮಾತ್ರ ಹೆಚ್ಚು ಹೊತ್ತು ಉಳಿಯುವುದಿಲ್ಲ. ಒಳಗಿನ ಹಬೆ ಹೊರಗೆ ಬರುತ್ತಾ ಸಿಪ್ಪೆಯನ್ನು ಮೆತ್ತಗೆ ಮಾಡಿಬಿಡುತ್ತದೆ.

ಬೆಂಗಳೂರಿನಿಂದ ರಜೆಗೆ ಬಂದ ನನ್ನ ಮೊಮ್ಮಗಳು ಐದನೇ ತರಗತಿ. ಕಳೆದ ಬೇಸಿಗೆಯಲ್ಲಿ ಅವಳ ಅಪ್ಪ ಗೋಳಿಬಜೆಯನ್ನು ಮೊಬೈಲಿನಲ್ಲಿ ತರಿಸಿಕೊಟ್ಟ. ಮುಚ್ಚಿದ ಡಬ್ಬಿಯಲ್ಲಿ ಬೆವರಿ ಬಂದದ್ದನ್ನು ಒಂದು ಕಚ್ಚಿ, "ಅಜ್ಜ, ನೀವು ಹೊಗಳುವುದು ಇದನ್ನೇನಾ?" ಎಂದು ಕೇಳಿದಳು. ಮಾತಿನಲ್ಲಿ ಉತ್ತರ ಹೇಳಿ ಪ್ರಯೋಜನವಿರಲಿಲ್ಲ. ಮರುದಿನ ಸಂಜೆ ರಿಕ್ಷಾ ಹಿಡಿದು ರಥಬೀದಿಗೆ ಹೋದೆವು. ಕೃಷ್ಣಮಠದ ಆಸುಪಾಸಿನಲ್ಲಿ ಮಿತ್ರ ಸಮಾಜದಂಥ ಹಳೆಯ ಹೋಟೆಲು ಇನ್ನೂ ಉಸಿರಾಡುತ್ತಿದೆ. ಒಳಗೆ ಜಾಗ ಸಿಗಲು ಸ್ವಲ್ಪ ಕಾದೆವು. ತಟ್ಟೆ ಬಂತು. ಅವಳು ಬಿಸಿ ತಾಳದೆ ಬಜೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತಾ ಒಡೆದಳು, ಕಾಯಿಚಟ್ನಿಯಲ್ಲಿ ಅದ್ದಿದಳು. ಮತ್ತೆ ಪ್ರಶ್ನೆ ಬರಲಿಲ್ಲ. ಇನ್ನೊಂದು ಪ್ಲೇಟು ಮಾತ್ರ ಬಂತು.

ಹಿಂದಿರುಗುವಾಗ ಜೋಡುಕಟ್ಟೆಯ ಡಯಾನಾದಲ್ಲಿ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದೆ. ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿಗಳನ್ನು ಎತ್ತರದ ಗ್ಲಾಸಿನಲ್ಲಿ ಪದರ ಪದರವಾಗಿ ತುಂಬಿಸುವ ಇದು ಅಲ್ಲಿಯೇ ಹುಟ್ಟಿತೆಂದು ನಮ್ಮೂರಿನವರು ಎದೆತಟ್ಟಿ ಹೇಳುತ್ತಾರೆ. ಇದಕ್ಕೆ ಮಾತ್ರ ಹೊತ್ತಿನ ಕಟ್ಟುಪಾಡಿಲ್ಲ. ಆದರೆ ತಿನ್ನಲು ಕುಳಿತ ಮೇಲೆ ಅದೂ ಕಾಯುವುದಿಲ್ಲ!

ಗಂಟೆಯ ಲೆಕ್ಕ ಇಷ್ಟಾಯಿತು. ತಿಂಗಳ ಲೆಕ್ಕ ಇನ್ನೂ ದೊಡ್ಡದು. ಆಟಿಯ ಮಳೆ ಹೊಯ್ಯುವಾಗ ಕೆಸುವಿನ ಎಲೆ ಸೊಂಪಾಗಿ ಬರುತ್ತದೆ. ಅದು ಪತ್ರೊಡೆಯ ಕಾಲ. ನೆನೆಸಿದ ಅಕ್ಕಿಯನ್ನು ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಲ್ಲದೊಂದಿಗೆ ರುಬ್ಬಿ ಎಲೆಗೆ ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುವುದರಿಂದ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಹುಣಸೆಹುಳಿ ಧಾರಾಳ ಹಾಕುವುದು ಅದಕ್ಕಾಗಿಯೇ. ಕೃಷ್ಣಾಷ್ಟಮಿ, ವಿಟ್ಲಪಿಂಡಿ ಬಂತೆಂದರೆ ಮೂಡೆ. ಮುಳ್ಳು ತೆಗೆದು ಬಾಡಿಸಿದ ಕೇದಗೆಯ ಎಲೆಯನ್ನು ಕೊಳವೆಯಂತೆ ಸುತ್ತಿ, ಅದರೊಳಗೆ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಬೇಯಿಸಿದರೆ ಎಲೆಯ ಪರಿಮಳವೆಲ್ಲ ಕಡುಬಿಗೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದರೆ ಅದು ಗುಂಡ. ಹಿಟ್ಟು ಒಂದೇ, ಎಲೆ ಬೇರೆ, ರುಚಿಯೂ ಬೇರೆ.

ಚಳಿ ಶುರುವಾದ ಮೇಲೆ ಮಟ್ಟುಗುಳ್ಳ. ನಮ್ಮಲ್ಲಿಂದ ಹೆದ್ದಾರಿ ಹಿಡಿದು ಕಾಪು ಕಡೆಗೆ ಹೋಗುವಾಗ ನಡುವೆ ಕಟಪಾಡಿ ಸಿಗುತ್ತದೆ. ಅಲ್ಲಿಂದ ಕಡಲ ಕಡೆಗೆ ತಿರುಗಿದರೆ ಮಟ್ಟು ಗ್ರಾಮ. ತಿಳಿಹಸಿರು ಮೈಯ, ಉರುಟಾದ ಆ ಬದನೆಯ ಬೀಜವನ್ನು ವಾದಿರಾಜ ಸ್ವಾಮಿಗಳು ಊರಿನವರಿಗೆ ಕೊಟ್ಟರೆಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಕಥೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಸಿಪ್ಪೆ ತೆಳು, ಬೆಂದರೆ ಬೆಣ್ಣೆ. ಇದರ ಕೊದ್ದೆಲು ಕುಚ್ಚಲಕ್ಕಿ ಅನ್ನದ ಮೇಲೆ ಬಿದ್ದ ದಿನ ನಮ್ಮ ಮನೆಯಲ್ಲಿ ಬೇರೆ ಪದಾರ್ಥ ಕೇಳುವವರಿಲ್ಲ. ಮೀನು ತಿನ್ನುವ ನನ್ನ ಗೆಳೆಯರಿಗೂ ಇಂಥದೇ ಕಾಲನಿಯಮ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಮಲಗಿರುತ್ತವೆ. ಮೀನು ಮೊಟ್ಟೆಯಿಡಲು ಸಮುದ್ರಕ್ಕೂ ರಜೆ ಬೇಕಲ್ಲ!

ಕೃಷ್ಣಮಠದ ಅಡುಗೆಯಲ್ಲೂ ಕಾಲದ ಶಿಸ್ತು ಕಾಣುತ್ತದೆ. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ಬಂದವರಿಗೆಲ್ಲ ಹೊಟ್ಟೆತುಂಬ ಬಡಿಸಬೇಕು. ಉಡುಪಿಯ ದೇವರನ್ನು ಅನ್ನಬ್ರಹ್ಮ ಎನ್ನುತ್ತಾರೆ. ಇದ್ದದ್ದರಲ್ಲೇ ರುಚಿ ಹುಡುಕುವ ಆ ಅಭ್ಯಾಸ ಇಲ್ಲಿಯ ಅಡುಗೆಯವರ ಕೈಗೆ ಹತ್ತಿದೆ ಎಂದು ನನ್ನ ಲೆಕ್ಕ.

ಆ ಕೈಗಳೇ ಊರು ಬಿಟ್ಟು ಹೋಗಿ ಹೆಸರು ಮಾಡಿದವು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು ಮುಂದೆ ಎಂ.ಟಿ.ಆರ್. ಆಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾತುಂಗದಲ್ಲಿ ಊಟದ ಎಲೆ ಹಾಸಿದರು. ಇಡ್ಲಿ, ದೋಸೆ, ವಡೆ ಎಲ್ಲ ಊರಿನಲ್ಲೂ ಎಲ್ಲ ಹೊತ್ತಿನಲ್ಲೂ ಸಿಗುವಂತಾದದ್ದು ಇಂಥವರಿಂದ. ಆದರೆ ಆಟಿಯ ಕೆಸುವನ್ನು, ಅಷ್ಟಮಿಯ ಕೇದಗೆಯನ್ನು, ಹತ್ತು ನಿಮಿಷದ ಗೋಳಿಬಜೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಲು ಬರುವುದಿಲ್ಲ. ಅವು ಇಲ್ಲಿಯೇ ಉಳಿದವು. ಇಲ್ಲಿಯೂ ಎಷ್ಟು ಕಾಲ ಉಳಿದಾವು ಎಂಬುದು ನನ್ನ ಚಿಂತೆ.

ಈ ಚಿಂತೆಗೆ ಕಾರಣ ಒಂದು ಪಾಸ್‌ಬುಕ್ಕು. ಪಿಗ್ಮಿ ಠೇವಣಿಯ ಹೆಸರು ಅಜ್ಜಂದಿರಿಗೆಲ್ಲ ಗೊತ್ತು. ಉಡುಪಿಯಲ್ಲೇ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಮಕ್ಕಳೇ, ಹದಿನಾರು ಆಣೆಗೆ ಒಂದು ರೂಪಾಯಿ. ಮೂವತ್ತು ದಿನಕ್ಕೆ ಎಷ್ಟಾಯಿತು? ಮೂರು ರೂಪಾಯಿ ಹನ್ನೆರಡಾಣೆ. ಹನಿಗೂಡಿ ಹಳ್ಳವಾದದ್ದು ಹೀಗೆ.

ನಾನಿದ್ದ ಶಾಖೆಯಲ್ಲೂ ಪಿಗ್ಮಿ ಖಾತೆಗಳಿದ್ದವು. ಅವುಗಳಲ್ಲಿ ಒಂದು, ನಮ್ಮೂರ ಹೆದ್ದಾರಿಯ ಬದಿಯ ಒಂದು ಸಣ್ಣ ಹೋಟೆಲಿನದು. ಮೂರು ಬೆಂಚು, ಒಂದು ಒಲೆ. ಬೆಳಗ್ಗೆ ಸಜ್ಜಿಗೆ-ಬಜಿಲ್, ಸಂಜೆ ಗೋಳಿಬಜೆ, ನಡುವೆ ಬಾಗಿಲು ಹಾಕಿ ನಿದ್ದೆ. ಆ ನೋಟುಗಳಿಗೆ ತೆಂಗಿನೆಣ್ಣೆಯ ವಾಸನೆ ಇರುತ್ತಿತ್ತು. ಎಣಿಸುವಾಗಲೇ ನನಗೆ ಹಸಿವೆ. ಮಳೆಯಿರಲಿ ಬಂದ್ ಇರಲಿ, ಆ ಕಾರ್ಡಿನಲ್ಲಿ ಖಾಲಿ ಮನೆ ಕಂಡದ್ದು ಅಪರೂಪ. ಆ ಹಣದಲ್ಲಿ ಮಗಳು ಇಂಜಿನಿಯರಾದಳು, ಮಗ ಲೆಕ್ಕಪರಿಶೋಧಕನಾದ. ಇಬ್ಬರೂ ಊರು ಬಿಟ್ಟರು. ನಾನು ನಿವೃತ್ತನಾಗುವ ಹಿಂದಿನ ವರ್ಷ ಯಜಮಾನರು ಖಾತೆ ಮುಚ್ಚಲು ಬಂದರು. ಮೊಣಕಾಲು ಕೈಕೊಟ್ಟಿತ್ತು, ಹೋಟೆಲೂ ಮುಚ್ಚುವುದಿತ್ತು.

"ಮಕ್ಕಳಲ್ಲಿ ಒಬ್ಬರಾದರೂ ನಡೆಸಬಹುದಿತ್ತಲ್ಲ ಮಾರಾಯ್ರೆ?" ಎಂದೆ.

ಅವರು ಸ್ಲಿಪ್ಪಿಗೆ ಸಹಿ ಹಾಕಿ ಪೆನ್ನು ನನಗೆ ಹಿಂದೆ ಕೊಟ್ಟರು. "ಮಕ್ಕಳು ಒಲೆಯ ಎದುರು ನಿಲ್ಲುವುದು ಬೇಡ ಎಂದೇ ಅಲ್ಲವಾ ನಾನು ಪಿಗ್ಮಿ ಕಟ್ಟಿದ್ದು? ಈಗ ಯಾಕೆ ನಿಲ್ಲುವುದಿಲ್ಲ ಎಂದು ಹೇಗೆ ಕೇಳಲಿ?" ಎಂದರು.

ನನ್ನ ಬಳಿ ಮರುಪ್ರಶ್ನೆ ಇರಲಿಲ್ಲ. ನನ್ನ ಮಗನೂ ಬೆಂಗಳೂರಿನಲ್ಲೇ ಇರುವುದು. ಹೋಟೆಲು ಸೋತು ಮುಚ್ಚಿದ್ದಲ್ಲ, ತಾನು ಮಾಡಬೇಕೆಂದಿದ್ದ ಕೆಲಸವನ್ನು ಪೂರ್ತಿ ಮಾಡಿ ಮುಚ್ಚಿದ್ದು. ಹಾಗಾಗಿ ಯಾರನ್ನೂ ದೂರುವಂತಿಲ್ಲ. ಆದರೂ ಆ ಗೋಳಿಬಜೆ ಹೋಯಿತು. ಅದರ ಹಿಟ್ಟಿಗೆ ಮೊಸರು ಎಷ್ಟು ಹುಳಿ ಇರಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ಆ ಬೆರಳುಗಳಿಗೆ ಮಾತ್ರ ಗೊತ್ತಿತ್ತು.

ಮನೆಯೊಳಗೂ ಇದೇ ಕಥೆ. ನನ್ನ ಹೆಂಡತಿಯ ಬೆರಳಿನ ಗಂಟುಗಳು ಈಗ ಬಿಗಿ. ಕಳೆದ ಆಟಿಯಲ್ಲಿ ಪತ್ರೊಡೆಯ ಸುರುಳಿ ಬಿಗಿಯಾಗಿ ಸುತ್ತಲು ಅವಳಿಗೆ ಆಗಲಿಲ್ಲ. ಶಾಲೆಯ ಎರಡು ದಿನ ರಜೆಗೆ ಬಂದಿದ್ದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ದೊಡ್ಡ ಎಲೆ ಕೆಳಗೆ, ಬೆನ್ನು ಮೇಲೆ. ಈಗ ಸವರು" ಎಂದು ಹೇಳಿಕೊಟ್ಟಳು. ಸುರುಳಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಬೆಂದ ಮೇಲೆ ಎರಡು ತುಂಡು ಬಿಚ್ಚಿಕೊಂಡವು. ಆ ಎರಡನ್ನೂ ಅಜ್ಜಿಯೇ ತನ್ನ ತಟ್ಟೆಗೆ ಹಾಕಿಕೊಂಡಳು.

ಹಾಗಾದರೆ ನಾವು ಏನು ಮಾಡಬಹುದು? ಉಳಿದಿರುವ ಸಣ್ಣ ಹೋಟೆಲುಗಳಿಗೆ ಅವುಗಳ ಹೊತ್ತಿಗೆ ನಾವೇ ಹೋಗಿ, ಬೆಂಚಿನ ಮೇಲೆ ಕುಳಿತು ಬಿಸಿಬಿಸಿ ತಿನ್ನಬಹುದು. ನಾಲ್ಕು ಗಂಟೆಯ ಬಜೆಗೆ ನಾಲ್ಕು ಗಂಟೆಗೆ ಗಿರಾಕಿ ಬಂದರೆ ಒಲೆ ಇನ್ನಷ್ಟು ವರ್ಷ ಉರಿದೀತು. ಅಜ್ಜ-ಅಜ್ಜಿಯರು ನಿಮ್ಮ ಕೈಗೆ ಗೊತ್ತಿರುವುದನ್ನು ಒಂದು ರಜೆಗೆ ಒಂದರಂತೆ ಮೊಮ್ಮಕ್ಕಳಿಗೆ ಕಲಿಸಿ. ಹುಡುಗಿಯರಿಗಷ್ಟೇ ಸಾಲದು, ಹುಡುಗರಿಗೂ ಕಲಿಸಿ.

ಮಕ್ಕಳಿಗೊಂದು ಕೆಲಸ. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಒಂದು ರುಚಿಯ ಪಾಸ್‌ಬುಕ್ ಮಾಡಿ. ನಾಲ್ಕು ಗೆರೆ ಎಳೆಯಿರಿ: ದಿನಾಂಕ, ಹೊತ್ತು, ತಿಂಡಿ, ಮಾಡಿದ ಕೈ. ನಾಲ್ಕನೆಯ ಮನೆಯನ್ನು ಖಾಲಿ ಬಿಡಬೇಡಿ. ಹೋಟೆಲಿನಲ್ಲಾದರೆ ಒಳಗೆ ಇಣುಕಿ, "ಇದನ್ನು ಮಾಡಿದ್ದು ಯಾರು ಮಾಮ?" ಎಂದು ಕೇಳಿ. ಬೆವರು ಒರೆಸಿಕೊಳ್ಳುತ್ತಾ ಒಬ್ಬರು ಹೊರಗೆ ನೋಡಿ ನಕ್ಕೇ ನಗುತ್ತಾರೆ.

ನನ್ನ ಮೊಮ್ಮಗಳ ಪಾಸ್‌ಬುಕ್ಕಿನಲ್ಲಿ ಈವರೆಗೆ ಹನ್ನೊಂದು ಜಮೆ ಆಗಿದೆ. ಹತ್ತರಲ್ಲಿ ಬೇರೆಯವರ ಕೈ. ಹನ್ನೊಂದನೆಯದರಲ್ಲಿ, ಪತ್ರೊಡೆಯ ಮುಂದೆ, "ಅಜ್ಜಿ ಮತ್ತು ನಾನು" ಎಂದು ಬರೆದಿದ್ದಾಳೆ.